ದುಡಿಮೆಯ ವರ್ಷಗಳು, ಕಾಯಿಲೆಯ ವರ್ಷಗಳು

ಜಿದ್ದಾ ನಗರದ ಪುರಾತನ ಪೇಟೆಯಾದ ಬಲದ್‌ನಿಂದ ಉತ್ತರಕ್ಕೆ ಹೊರಟು ಮದೀನಾ ರಸ್ತೆಯ ಮಗ್ಗುಲಿಗೆ ಬಂದರೆ ಎದುರಾಗುವ ಶರಫಿಯಾ ಎಂಬ ಬಡಾವಣೆಯನ್ನು, ಆ ಊರಿನಲ್ಲಿ ದುಡಿದ ನಮ್ಮ ಕರಾವಳಿಯ ಜನರ ಪೈಕಿ ಅರಿಯದವರು ವಿರಳ. ಅದು ಮುಖ್ಯವಾಗಿ ಮಲಯಾಳಿಗಳ ಪೇಟೆ. ಆದರೆ ಕಾಸರಗೋಡಿನವರು, ಉಳ್ಳಾಲ ಬಂಟ್ವಾಳಗಳವರು, ಭಟ್ಕಳದವರು ಕೂಡ ವಾರದ ರಜೆಯ ಸಂಜೆ ಕುಚ್ಚಲಕ್ಕಿಗೂ ಬಂಗುಡೆಗೂ ಊರಿನ ಸುದ್ದಿಗೂ ಅಲ್ಲಿಗೇ ಬರುವರು. ಊಟದ ಮನೆಗಳ ಮತ್ತು ಊರಿಗೆ ಹಣ ಕಳುಹಿಸುವ ಅಂಗಡಿಗಳ ನಡುನಡುವೆ ಅಲ್ಲಿ ಸಾಲುಗಟ್ಟಿರುವ ಇನ್ನೊಂದು ಬಗೆಯ ಸಂಸ್ಥೆಯೆಂದರೆ ಪಾಲಿಕ್ಲಿನಿಕ್ಕು. ಹತ್ತಾರು ಗಂಟೆ ಬಿಸಿಲಿನಲ್ಲಿ ದುಡಿದವನು ತನ್ನ ಎದೆನೋವನ್ನೋ ಬೆನ್ನುನೋವನ್ನೋ ಅರಬ್ಬೀ ಭಾಷೆಯ ಗೊಡವೆಯಿಲ್ಲದೆ ಹೇಳಿಕೊಳ್ಳಬಹುದಾದ, ಊರಿನ ಕಡೆಯ ವೈದ್ಯರೂ ದಾದಿಯರೂ ಇರುವ ಈ ಚಿಕಿತ್ಸಾಲಯಗಳು, ಒಂದು ತಲೆಮಾರಿನಿಂದ ಪರದೇಶದ ಶ್ರಮಜೀವಿಗೆ ಮನೆಯ ವೈದ್ಯನ ಸ್ಥಾನದಲ್ಲಿ ನಿಂತಿವೆ.

ಒಳಹೊಕ್ಕವನಿಂದ ಅಲ್ಲಿ ಮೊದಲು ಕೇಳುವುದು ಎರಡು ಚೀಟಿಗಳನ್ನು: ವಾಸದ ಪರವಾನಗಿಯಾದ ಇಕಾಮ ಮತ್ತು ಇನ್ಶೂರೆನ್ಸ್ ಕಾರ್ಡು. ಇಪ್ಪತ್ತೈದು ವರ್ಷಗಳ ಹಿಂದೆ ಈ ಎರಡನೆಯದರ ಮಾತೇ ಇರಲಿಲ್ಲ. ರೋಗಿ ಅಲ್ಪ ಶುಲ್ಕವನ್ನು ತನ್ನ ಜೇಬಿನಿಂದ ಕೊಟ್ಟು ಔಷಧದ ಚೀಟಿ ಪಡೆದು ಹೋಗುತ್ತಿದ್ದನು, ಕಾಯಿಲೆ ದೊಡ್ಡದಾದರೆ ಕಫೀಲನ, ಅಂದರೆ ತನ್ನನ್ನು ಕರೆಸಿಕೊಂಡ ಧಣಿಯ, ಔದಾರ್ಯವನ್ನೋ ಗೆಳೆಯರು ಕೂಡಿಸಿದ ಹಣವನ್ನೋ ನಂಬುತ್ತಿದ್ದನು. ಇಂದು ಅವನ ಪರವಾಗಿ ಎಲ್ಲಿಯೋ ಕುಳಿತ ವಿಮಾ ಕಂಪನಿಯೊಂದು ‘ಅಪ್ರೂವಲ್’ ಕೊಡುತ್ತದೆ, ಅಥವಾ ಕೊಡುವುದಿಲ್ಲ. ರೋಗಿಗೂ ವೈದ್ಯನಿಗೂ ನಡುವೆ ಹೀಗೆ ಬಂದು ನಿಂತ ಈ ಮೂರನೆಯವನು ಯಾರು, ಅವನ ಕೈಗೆ ಹಣ ಎಲ್ಲಿಂದ ಬಂತು, ಆ ಹಣದ ಮೇಲೆ ಹಕ್ಕು ಯಾರದು, ಅದು ಎಷ್ಟು ಕಾಲದ ಹಕ್ಕು ಎಂಬ ಪ್ರಶ್ನೆಗಳನ್ನು ಜಗತ್ತಿನ ಬೇರೆ ಬೇರೆ ದೇಶಗಳು ಬೇರೆ ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡಿವೆ. ಅವುಗಳಲ್ಲಿ ಕಡೆಯ ಪ್ರಶ್ನೆಯೇ, ಅಂದರೆ ಹಕ್ಕಿನ ಕಾಲಾವಧಿಯ ಪ್ರಶ್ನೆಯೇ, ಕಡಲು ದಾಟಿ ದುಡಿಯುವ ನಮ್ಮ ಜನಕ್ಕೆ ಎಲ್ಲಕ್ಕಿಂತ ಮುಖ್ಯವಾದುದೆಂದೂ ಅದರ ಕಡೆಗೇ ಸುಧಾರಕರ ಗಮನ ಅತ್ಯಲ್ಪವೆಂದೂ ನಾನು ಬಲವಾಗಿ ನಂಬಿದ್ದೇನೆ.

ಸೌದಿ ಅರೇಬಿಯದಲ್ಲಿ ಸಾರ್ವಜನಿಕ ಆರೋಗ್ಯದ ಇಲಾಖೆ ಮಕ್ಕಾ ನಗರದಲ್ಲಿ 1925ರಲ್ಲಿ ಹುಟ್ಟಿತು. ವರ್ಷವರ್ಷವೂ ಯಾತ್ರಿಕರ ಮಹಾಪೂರವನ್ನು ಬರಮಾಡಿಕೊಳ್ಳುವ ನಾಡಿಗೆ ಸಾಂಕ್ರಾಮಿಕಗಳ ಭಯ ಎಂದಿಗೂ ತಪ್ಪಿದ್ದಲ್ಲವಷ್ಟೆ. 1950ರಲ್ಲಿ ಆರೋಗ್ಯ ಸಚಿವಾಲಯ ಸ್ಥಾಪಿತವಾಯಿತು. ಎಣ್ಣೆಯ ಐಶ್ವರ್ಯ ಉಕ್ಕಿ ಹರಿದ ದಶಕಗಳಲ್ಲಿ ಆಸ್ಪತ್ರೆಗಳು ಒಂದಾದ ಮೇಲೊಂದರಂತೆ ಎದ್ದುವು, ಅವುಗಳ ಬಾಗಿಲು ಪರದೇಶಿಗಳಿಗೂ ಬಹುಮಟ್ಟಿಗೆ ತೆರೆದಿತ್ತು. 1992ರ ಮೂಲಶಾಸನದ 31ನೆಯ ವಿಧಿ ಪ್ರಜೆಗಳ ಆರೋಗ್ಯರಕ್ಷಣೆಯನ್ನು ರಾಜ್ಯದ ಹೊಣೆಯೆಂದು ಸ್ಪಷ್ಟವಾಗಿ ಸಾರಿತು. ಆದರೆ ಅದೇ ದಶಕದಲ್ಲಿ ಎಣ್ಣೆಯ ಬೆಲೆ ಕುಸಿಯುತ್ತ ಬಂದು 1998ರಲ್ಲಿ ಪೀಪಾಯಿಗೆ ಹತ್ತು ಡಾಲರಿನ ಆಸುಪಾಸಿಗೆ ಇಳಿದಾಗ, ಬೊಕ್ಕಸದ ಹೊರೆಯನ್ನು ಇಳಿಸಿಕೊಳ್ಳುವ ಮಾರ್ಗವನ್ನು ಅರಸುತ್ತಿದ್ದ ರಾಜ್ಯಕ್ಕೆ, ಲಕ್ಷಾಂತರ ಪರದೇಶೀ ನೌಕರರ ಚಿಕಿತ್ಸೆಯ ವೆಚ್ಚವನ್ನು ಅವರನ್ನು ಕರೆಸಿಕೊಂಡ ಧಣಿಗಳೇ ಹೊರಲಿ ಎಂಬ ಯೋಚನೆ ಸಹಜವಾಗಿಯೇ ಹೊಳೆಯಿತು.

ಹೊಳೆದರೆ ಸಾಲದು, ಧರ್ಮದ ಅನುಮತಿ ಬೇಕಿತ್ತು. ಲಾಭಕ್ಕಾಗಿ ನಡೆಸುವ ವಾಣಿಜ್ಯ ವಿಮೆಯಲ್ಲಿ ಅನಿಶ್ಚಯದ ವ್ಯಾಪಾರವೂ ಜೂಜಿನ ಛಾಯೆಯೂ ಬಡ್ಡಿಯ ಸೋಂಕೂ ಇದೆಯೆಂಬುದು ಇಸ್ಲಾಮೀ ನ್ಯಾಯಶಾಸ್ತ್ರಜ್ಞರ ಬಹುಕಾಲದ ಆಕ್ಷೇಪ. ಸೌದಿಯ ಹಿರಿಯ ವಿದ್ವಾಂಸರ ಮಂಡಳಿ 1977ರಲ್ಲಿಯೂ, ಇದೇ ಜಿದ್ದಾ ನಗರದಲ್ಲಿ ನೆಲೆಸಿರುವ ಅಂತರರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 1985ರ ಡಿಸೆಂಬರಿನ ಅಧಿವೇಶನದಲ್ಲಿಯೂ ಒಂದು ಮಧ್ಯಮಾರ್ಗವನ್ನು ತೋರಿದುವು: ಸದಸ್ಯರು ಪರಸ್ಪರ ನೆರವಿನ ಸಂಕಲ್ಪದಿಂದ ಒಂದು ನಿಧಿಗೆ ಹಣ ಕೊಟ್ಟು, ಆಪತ್ತಿಗೆ ಸಿಕ್ಕಿದವನಿಗೆ ಅದರಿಂದ ಸಹಾಯ ಮಾಡುವುದಾದರೆ ಅಂಥ ಸಹಕಾರೀ ವಿಮೆ ಸಮ್ಮತವೆಂದು. 1999ರ ಆಗಸ್ಟಿನಲ್ಲಿ ರಾಜಾಜ್ಞೆಯಿಂದ ಹೊರಬಿದ್ದ ಸಹಕಾರೀ ಆರೋಗ್ಯ ವಿಮಾ ಶಾಸನದ ಹೆಸರಿನಲ್ಲಿಯೇ ಈ ತೀರ್ಪಿನ ಮುದ್ರೆಯಿದೆ. ಅನಂತರ ವಿಮಾ ಕಂಪನಿಗಳಿಗಾಗಿ ಬಂದ ನಿಯಮಗಳು, ವರ್ಷಾಂತ್ಯದ ಉಳಿಕೆಯಲ್ಲಿ ಶೇಕಡ 10ರಷ್ಟನ್ನು ವಿಮೆದಾರರಿಗೆ ಹಿಂದಿರುಗಿಸಬೇಕೆಂದೂ ಮಿಕ್ಕ 90 ಪಾಲುದಾರರಿಗೆ ಸಲ್ಲಬಹುದೆಂದೂ ವಿಧಿಸಿದುವು. ವಿದ್ವಾಂಸರು ಮನಸ್ಸಿನಲ್ಲಿಟ್ಟುಕೊಂಡಿದ್ದ ಪರಸ್ಪರ ನೆರವಿಗೆ ಈ ಹಂಚಿಕೆ ಎಷ್ಟು ಹತ್ತಿರವೆಂಬ ಬಗ್ಗೆ ಅಲ್ಲಿಯ ಶಾಸ್ತ್ರಜ್ಞರಲ್ಲಿಯೇ ಚರ್ಚೆ ಮುಗಿದಿಲ್ಲ.

ಶಾಸನವು ಆಚರಣೆಗೆ ಬಂದುದು 2006ರಿಂದೀಚೆಗೆ. ಮೊದಲು ಐನೂರಕ್ಕೂ ಹೆಚ್ಚು ಪರದೇಶೀ ನೌಕರರುಳ್ಳ ದೊಡ್ಡ ಸಂಸ್ಥೆಗಳು, ಬಳಿಕ ಸಣ್ಣವು, ಕಡೆಗೆ ಒಬ್ಬಿಬ್ಬರು ಆಳುಗಳ ಅಂಗಡಿಗಳು ಅದರ ವ್ಯಾಪ್ತಿಗೆ ಬಂದುವು. ಮುಂದೆ ಖಾಸಗಿ ವಲಯದಲ್ಲಿ ದುಡಿಯುವ ಸೌದಿ ಪ್ರಜೆಗಳೂ ಸೇರಿದರು. ಕಂತನ್ನು ಧಣಿಯೇ ಕಟ್ಟತಕ್ಕದ್ದು, ನೌಕರನ ಸಂಬಳದಿಂದ ಅದನ್ನು ಮುರಿದುಕೊಳ್ಳತಕ್ಕದ್ದಲ್ಲ. ತಪ್ಪಿದವನು ಕಟ್ಟಬೇಕಾಗಿದ್ದ ಕಂತಿನ ಜೊತೆಗೆ ದಂಡವನ್ನೂ ತೆರಬೇಕು, ಹೊಸ ಆಳುಗಳನ್ನು ಕರೆಸಿಕೊಳ್ಳುವ ಅಧಿಕಾರವನ್ನು ಕೂಡ ಕಳೆದುಕೊಳ್ಳಬಹುದು. ಎಲ್ಲಕ್ಕಿಂತ ಬಿಗಿಯಾದ ಗಂಟೆಂದರೆ, ವಿಮೆಯಿಲ್ಲದೆ ಇಕಾಮ ನವೀಕರಣವಾಗುವುದಿಲ್ಲ. ಶಾಸನಗಳು ಕಾಗದದ ಮೇಲೆಯೇ ಉಳಿಯುವ ಎಷ್ಟೋ ದೇಶಗಳ ನಡುವೆ ಈ ಒಂದು ನಿಬಂಧನೆಯಿಂದ ಸೌದಿಯ ಯೋಜನೆ ನೆಲಕ್ಕಿಳಿಯಿತು. ವಿಮೆಯ ಪರಮಾವಧಿ ಮೊತ್ತ ಮೊದಲು ಎರಡೂವರೆ ಲಕ್ಷ ರಿಯಾಲ್ ಇದ್ದುದು ಐದು ಲಕ್ಷಕ್ಕೇರಿ, 2022ರಲ್ಲಿ ಹತ್ತು ಲಕ್ಷವಾಯಿತು. ಮನೆಗೆಲಸದವರು ಮಾತ್ರ ಬಹುಕಾಲ ಹೊರಗುಳಿದರು. ನಾಲ್ವರಿಗಿಂತ ಹೆಚ್ಚು ಮಂದಿ ಗೃಹಸೇವಕರನ್ನು ಇಟ್ಟುಕೊಂಡವರು ಅವರಿಗೆ ವಿಮೆ ಮಾಡಿಸಬೇಕೆಂಬ ಕಟ್ಟಳೆ ಬಂದುದು 2024ರ ಜುಲೈಯಲ್ಲಿ. ಒಬ್ಬಳೇ ಸೇವಕಿಯಿರುವ ಮನೆಯೊಳಗೆ ಅದು ಇನ್ನೂ ಪ್ರವೇಶಿಸಲಿಲ್ಲವೆಂಬುದು ಮನಸ್ಸಿಗೆ ನೋವು ತರುವ ಸಂಗತಿ. ಏತಕ್ಕೆಂದರೆ ಬೀದಿಗೆ ಬಂದು ಸಹಾಯ ಕೇಳುವ ಅವಕಾಶ ಅತಿ ಕಡಿಮೆಯಿರುವುದು ಆಕೆಗೇ.

ಈಗ ಈ ಯೋಜನೆಯನ್ನು ಜಗತ್ತಿನ ಇತರ ಸುಧಾರಣೆಗಳ ಪಕ್ಕದಲ್ಲಿಟ್ಟು ನೋಡೋಣ.

ಉದ್ಯೋಗದ ಮೂಲಕ ವಿಮೆ ಎಂಬ ಕಲ್ಪನೆಯ ಆದ್ಯ ಶಾಸನ ಬಿಸ್ಮಾರ್ಕನ ಜರ್ಮನಿಯದು. 1883ರ ಆ ಕಾಯಿದೆಯಂತೆ ಕಂತಿನ ಮೂರರಲ್ಲಿ ಎರಡು ಪಾಲನ್ನು ಕಾರ್ಮಿಕನೂ ಒಂದು ಪಾಲನ್ನು ಧಣಿಯೂ ಕೊಡುತ್ತಿದ್ದರು. ಹಾಗೆ ಕೊಟ್ಟುದರಿಂದಲೇ ಕಾರ್ಮಿಕರ ಪ್ರತಿನಿಧಿಗಳಿಗೆ ವಿಮಾನಿಧಿಗಳ ಆಡಳಿತದಲ್ಲಿ ಬಹುಮತ ದೊರಕಿತು. ಸೌದಿಯಲ್ಲಿ ಕಾರ್ಮಿಕನು ಏನನ್ನೂ ಕೊಡಬೇಕಾಗಿಲ್ಲ, ಅದು ಅವನಿಗೆ ಲಾಭ. ಆದರೆ ಅವನ ಮಾತಿಗೆ ಆ ನಿಧಿಯಲ್ಲಿ ಸ್ಥಾನವೂ ಇಲ್ಲ. ಯಾವ ಕಂಪನಿಯ ವಿಮೆ, ಯಾವ ದರ್ಜೆಯ ಕಾರ್ಡು, ಯಾವ ಯಾವ ಆಸ್ಪತ್ರೆಗಳು ಅದರ ಪಟ್ಟಿಯಲ್ಲಿರಬೇಕು ಎಂಬುದೆಲ್ಲವೂ ಧಣಿಯ ನಿರ್ಣಯ. ಜರ್ಮನಿಯಲ್ಲಿ ಇಂದು ಕಂತು ಉಭಯರಿಗೂ ಸಮಪಾಲು. ವಿಮಾನಿಧಿಯನ್ನು ಆರಿಸಿಕೊಳ್ಳುವ ಹಕ್ಕು ಕಾರ್ಮಿಕನದು. ಅವನು ನಿವೃತ್ತನಾದರೂ ಆ ನಿಧಿ ಅವನ ಕೈಬಿಡುವುದಿಲ್ಲ. ದುಡಿಮೆಯ ಪ್ರಾಯದಲ್ಲಿ ಕೊಟ್ಟುದು ಮುಪ್ಪಿನಲ್ಲಿ ಒದಗಿ ಬರುವ ಈ ಅಖಂಡತೆಯೇ ಆ ಪದ್ಧತಿಯ ಜೀವಾಳವೆಂದು ನನಗೆ ತೋರುತ್ತದೆ.

ಇಂಗ್ಲೆಂಡಿನ ದಾರಿ ಬೇರೆ. 1942ರ ಬೆವೆರಿಜ್ ವರದಿಯ ಬೆನ್ನಿಗೆ, ಗಣಿಕಾರ್ಮಿಕನ ಮಗನಾದ ಅನ್ಯೂರಿನ್ ಬೆವನ್ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದಾಗ, ಚೀಟಿಯನ್ನೇ ಕೇಳದೆ, ಕಂತಿನ ಲೆಕ್ಕ ನೋಡದೆ, ತೆರಿಗೆಯ ಹಣದಿಂದ ಎಲ್ಲರಿಗೂ ಚಿಕಿತ್ಸೆ ಎಂಬ ತತ್ತ್ವ ಸ್ಥಾಪಿತವಾಯಿತು. ಮೂರೇ ವರ್ಷಗಳಲ್ಲಿ ಕನ್ನಡಕಕ್ಕೂ ಕೃತಕ ದಂತಕ್ಕೂ ಶುಲ್ಕ ವಿಧಿಸಲು ಸರಕಾರ ಹೊರಟುದನ್ನು ಪ್ರತಿಭಟಿಸಿ ಬೆವನ್ ಮಂತ್ರಿಪದವಿಯನ್ನೇ ತ್ಯಜಿಸಿದನು. ಅಂಥ ದೇಶವೂ 2015ರಿಂದ ಹೊರಗಿನಿಂದ ಬರುವ ಉದ್ಯೋಗಿಗಳಿಂದ ಪ್ರವೇಶಕಾಲದಲ್ಲಿಯೇ ಆರೋಗ್ಯದ ಮೇಲ್ತೆರಿಗೆಯನ್ನು ವಸೂಲು ಮಾಡತೊಡಗಿತು. ವರ್ಷಕ್ಕೆ 200 ಪೌಂಡಿನಿಂದ ಮೊದಲಾದುದು 2024ರಲ್ಲಿ 1,035 ಪೌಂಡಿಗೇರಿತು. ಲಂಡನಿಗೆ ತೆರಳುವ ಬೆಂಗಳೂರಿನ ಇಂಜಿನಿಯರರು ಇದನ್ನು ಚೆನ್ನಾಗಿ ಬಲ್ಲರು.

ಕೆನಡ ದೇಶದ ಸಸ್ಕಾಚೆವಾನ್ ಪ್ರಾಂತದ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಟಾಮಿ ಡಗ್ಲಸ್ ಎಂಬುವನು ಬಾಲ್ಯದಲ್ಲಿ ಎಲುಬಿನ ಸೋಂಕಿನಿಂದ ಕಾಲನ್ನೇ ಕಳೆದುಕೊಳ್ಳುವುದರಲ್ಲಿದ್ದನು, ಬಡವರ ಮಗ, ಶಸ್ತ್ರವೈದ್ಯನೊಬ್ಬನು ತನ್ನ ವಿದ್ಯಾರ್ಥಿಗಳಿಗೆ ತೋರಿಸುವ ನಿಮಿತ್ತದಿಂದ ಹಣವಿಲ್ಲದೆ ಚಿಕಿತ್ಸೆ ಮಾಡಿದುದರಿಂದ ಕಾಲು ಉಳಿಯಿತು. ಕಾಲು ಉಳಿಯುವುದೂ ಹೋಗುವುದೂ ಹೀಗೆ ಒಬ್ಬ ವೈದ್ಯನ ದಯೆಯನ್ನು ಅವಲಂಬಿಸಿರಬಾರದೆಂಬ ನಿಶ್ಚಯ ಅವನನ್ನು ಬಿಡಲಿಲ್ಲ. ಪ್ರಾಂತದ ಮುಖ್ಯಮಂತ್ರಿಯಾಗಿ 1947ರಲ್ಲಿ ಆಸ್ಪತ್ರೆಗಳ ವೆಚ್ಚಕ್ಕೆ ಸಾರ್ವಜನಿಕ ವಿಮೆಯನ್ನು ತಂದನು. ವೈದ್ಯರ ಶುಲ್ಕಕ್ಕೂ ಅದನ್ನು ವಿಸ್ತರಿಸುವ ಯೋಜನೆ ಅವನ ಉತ್ತರಾಧಿಕಾರಿಯ ಕಾಲದಲ್ಲಿ, 1962ರ ಜುಲೈ 1ರಂದು, ಜಾರಿಗೆ ಬಂದಾಗ ವೈದ್ಯರು ಇಪ್ಪತ್ತಮೂರು ದಿನ ಮುಷ್ಕರ ಹೂಡಿದರು. ಸರಕಾರ ಬಗ್ಗಲಿಲ್ಲ, ವೈದ್ಯರಿಗೆ ಖಾಸಗಿ ವೃತ್ತಿಯ ಸ್ವಾತಂತ್ರ್ಯವನ್ನು ಉಳಿಸಿಕೊಟ್ಟು, ಹಣ ಸಲ್ಲಿಸುವ ಹೊಣೆಯನ್ನು ತಾನಿಟ್ಟುಕೊಂಡಿತು. ಒಂದು ದಶಕದೊಳಗೆ ಇಡೀ ಕೆನಡ ಆ ಸಣ್ಣ ಕೃಷಿಪ್ರಾಂತವನ್ನು ಅನುಸರಿಸಿತು.

ಅಮೆರಿಕದ್ದು ಯಾರೂ ಯೋಚಿಸಿ ಕಟ್ಟಿದ ಪದ್ಧತಿಯಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಸಂಬಳಗಳ ಏರಿಕೆಗೆ ಕಡಿವಾಣ ಬಿದ್ದಾಗ, ಕಾರ್ಖಾನೆಗಳು ಆಳುಗಳನ್ನು ಸೆಳೆಯಲು ಆರೋಗ್ಯವಿಮೆಯ ಆಮಿಷವನ್ನು ಒಡ್ಡಿದುವು. ಅದಕ್ಕೆ ತೆರಿಗೆಯ ವಿನಾಯಿತಿ ಸಿಕ್ಕಿ ರೂಢಿ ಬೇರೂರಿತು. ಕೆಲಸ ಹೋದೊಡನೆ ವಿಮೆಯೂ ಹೋಗುವ ದುಃಸ್ಥಿತಿಯನ್ನು ಸರಿಪಡಿಸಲು 1965ರ ಮೆಡಿಕೇರ್ ಮೆಡಿಕೇಡ್‌ಗಳಿಂದ ಹಿಡಿದು 2010ರ ಒಬಾಮಾ ಕಾಯಿದೆಯವರೆಗೆ ನಡೆದ ಪ್ರಯತ್ನಗಳು ಇನ್ನೂ ಮುಗಿದಿಲ್ಲ. ಹೀಗಿದ್ದರೂ, ಅಲ್ಲಿಯ ಕಾರ್ಮಿಕನು ಅರವತ್ತೈದು ತುಂಬಿದ ಮೇಲೆ ಮೆಡಿಕೇರಿನ ಆಶ್ರಯಕ್ಕೆ ಬರುತ್ತಾನೆಂಬುದನ್ನು ನೆನಪಿಡಬೇಕು. ಅವನ ದುಡಿಮೆಯ ವರ್ಷಗಳನ್ನೂ ಕಾಯಿಲೆಯ ವರ್ಷಗಳನ್ನೂ ಒಂದೇ ರಾಷ್ಟ್ರ ಲೆಕ್ಕದಲ್ಲಿಟ್ಟಿದೆ.

ಥೈಲೆಂಡ್ ನಮಗೆ ಆರ್ಥಿಕ ಸ್ಥಿತಿಯಲ್ಲಿ ಈ ಎಲ್ಲರಿಗಿಂತ ಸಮೀಪ. 2001ರಲ್ಲಿ ಅಲ್ಲಿ ಮೊದಲಾದ ಯೋಜನೆಯಂತೆ ಬಹುತೇಕ ಕಾಯಿಲೆಗಳಿಗೆ ರೋಗಿ ಆಗ ಕೊಡಬೇಕಾಗಿದ್ದುದು ಒಂದು ಭೇಟಿಗೆ 30 ಬಾತ್ ಮಾತ್ರ. ಮಿಕ್ಕ ವೆಚ್ಚವನ್ನು ಸರಕಾರ, ಪ್ರತಿ ಜಿಲ್ಲೆಯ ಆಸ್ಪತ್ರೆಗೆ ಅದರ ಪಟ್ಟಿಯಲ್ಲಿರುವ ಜನಸಂಖ್ಯೆಗೆ ಅನುಗುಣವಾಗಿ ತಲಾ ಇಷ್ಟೆಂದು ಮೊದಲೇ ಕೊಟ್ಟುಬಿಡುತ್ತದೆ. ಹೀಗೆ ಕೊಟ್ಟಾಗ ಆಸ್ಪತ್ರೆಗೆ ಅನಗತ್ಯ ಪರೀಕ್ಷೆಗಳನ್ನು ಬರೆಯುವ ಪ್ರಲೋಭನವಿಲ್ಲ. ಪ್ರತಿಯಾಗಿ, ಬೇಕಾದ ಪರೀಕ್ಷೆಯನ್ನೂ ಮುಂದೂಡುವ ಅಪಾಯವಿದೆ. ಚಿಕಿತ್ಸೆಗೊಂದರಂತೆ ಬಿಲ್ಲು ತೆರುವ ಪದ್ಧತಿಯಲ್ಲಿ ಇದರ ವಿಪರ್ಯಾಸ. ಹಣ ಎಲ್ಲಿಂದ ಬಂತೆಂಬುದಷ್ಟೇ ಅಲ್ಲದೆ ಹೇಗೆ ಸಲ್ಲುತ್ತದೆ ಎಂಬುದೂ ವೈದ್ಯನ ಲೇಖನಿಯನ್ನು ನಡೆಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ. ಸಿಂಗಪುರವು 1984ರಲ್ಲಿ ಪ್ರತಿಯೊಬ್ಬನ ಸಂಬಳದ ಒಂದಂಶವನ್ನು ಅವನ ಹೆಸರಿನಲ್ಲಿಯೇ ಮೆಡಿಸೇವ್ ಎಂಬ ಖಾತೆಯಲ್ಲಿ ಕೂಡಿಸಿಡುವ ಕ್ರಮವನ್ನು ತಂದಿತು. ಆದರೆ ಅದು ಪ್ರಜೆಗಳಿಗೂ ಕಾಯಂ ನಿವಾಸಿಗಳಿಗೂ ಮಾತ್ರ. ಕಟ್ಟಡ ಕಟ್ಟಲು ಹೋದ ನಮ್ಮವನಿಗೆ ಅಲ್ಲಿಯೂ ಧಣಿ ಮಾಡಿಸಿದ ವಿಮೆಯೇ ಗತಿ.

ಕೊಲ್ಲಿಯ ನೆರೆರಾಜ್ಯಗಳಲ್ಲಿ ಕುವೈತ್ 1999ರ ಕಾಯಿದೆಯಿಂದ ಪರದೇಶಿಗಳ ತಲೆಗೆ ವರ್ಷಕ್ಕೆ 50 ದಿನಾರಿನಂತೆ ಪಡೆದು ಸರಕಾರಿ ಚಿಕಿತ್ಸಾಲಯಗಳನ್ನೇ ತೆರೆದಿಟ್ಟಿತು. ಅಬುಧಾಬಿ 2005ರಲ್ಲಿ ಶಾಸನ ಮಾಡಿ ಮರುವರ್ಷವೇ ಧಣಿಗಳ ಮೇಲೆ ಹೊರೆ ಹೊರಿಸಿತು. ದುಬೈ 2013ರ ಕಾಯಿದೆಯಿಂದ ಅದೇ ಮಾರ್ಗವನ್ನು ಹಿಡಿಯಿತು. ಕಡ್ಡಾಯ ವಿಮೆ ಬಂದಲ್ಲೆಲ್ಲ ಖಾಸಗಿ ಆಸ್ಪತ್ರೆಗಳು ಹುಲುಸಾಗಿ ಬೆಳೆದುವು. ಉಡುಪಿಯ ಕಡೆಯಿಂದ ಹೋದ ಬಿ. ಆರ್. ಶೆಟ್ಟಿಯವರು 1975ರಲ್ಲಿ ಅಬುಧಾಬಿಯಲ್ಲಿ ಕಟ್ಟಿದ ಎನ್‌ಎಂಸಿ ಸಂಸ್ಥೆಯ ಮಹಾವಿಸ್ತಾರವೂ 2020ರಲ್ಲಿ ಸಾಲದ ಭಾರದಿಂದ ಅದು ಕುಸಿದು ಅನ್ಯರ ಆಡಳಿತಕ್ಕೆ ಒಳಗಾದುದೂ ಕರಾವಳಿಯ ಮನೆಮನೆಯವರು ಬಲ್ಲ ವೃತ್ತಾಂತ.

ಇನ್ನು ನಮ್ಮ ನಾಡಿನ ಮಾತು. ಪರಸ್ಪರ ನೆರವಿನ ನಿಧಿಯೆಂಬುದು ಕನ್ನಡಿಗರಿಗೆ ಯಾರೂ ಹೊರಗಿನಿಂದ ತಂದು ಕಲಿಸಬೇಕಾದ ಪಾಠವಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸ್ಥಾಪಿಸಿದ ಸಹಕಾರ ಸಂಘ ಭಾರತದ ಸಹಕಾರ ಚಳವಳಿಯ ಮೊದಲ ಹೆಜ್ಜೆಯೆಂದು ಪ್ರಸಿದ್ಧವಾಗಿದೆ. ಅದೇ ಸಹಕಾರ ಸಂಘಗಳ ಜಾಲವನ್ನು ಆಧರಿಸಿ, ಕಿನ್ನಿಗೋಳಿಯವರಾದ ಹೃದಯತಜ್ಞ ದೇವಿಪ್ರಸಾದ ಶೆಟ್ಟಿಯವರ ಪ್ರೇರಣೆಯಿಂದ, 2003ರ ಜೂನಿನಲ್ಲಿ ಯಶಸ್ವಿನಿ ಯೋಜನೆ ಕೆಲಸಕ್ಕೆ ತೊಡಗಿತು. ಸದಸ್ಯನಾದ ರೈತ ಆಗ ವರ್ಷಕ್ಕೆ ಕೊಡಬೇಕಾಗಿದ್ದುದು 60 ರೂಪಾಯಿ, ಎಂದರೆ ತಿಂಗಳಿಗೆ ಐದು. ಅದಕ್ಕೆ ಪ್ರತಿಯಾಗಿ ಸಾವಿರದ ಆರುನೂರರಷ್ಟು ಬಗೆಯ ಶಸ್ತ್ರಚಿಕಿತ್ಸೆಗಳು ಹಣವಿಲ್ಲದೆ ಲಭ್ಯವಾದುವು. ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು. ಶಸ್ತ್ರಚಿಕಿತ್ಸೆ ಅಪರೂಪಕ್ಕೊಬ್ಬನಿಗೆ ಬರುವ ವಿಪತ್ತಾದುದರಿಂದ, ಬಹುಜನರ ಐದೈದು ರೂಪಾಯಿಗಳಿಂದ ಒಬ್ಬನ ಹೃದಯಕ್ಕೆ ಬೇಕಾದ ಲಕ್ಷವನ್ನು ಹೊಂದಿಸಬಹುದೆಂಬ ಗಣಿತ ಇದರ ಬುನಾದಿ. 2018ರಲ್ಲಿ ಅದನ್ನು ನಿಲ್ಲಿಸಿ ರಾಜ್ಯ ಸರಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಲೀನ ಮಾಡಿದುದು ಸಹಕಾರ ಸಂಘಗಳ ಸದಸ್ಯರಿಗೆ ಅಪ್ರಿಯವಾಗಿ, ಕೆಲವು ವರ್ಷಗಳ ಬಳಿಕ ಮತ್ತೆ ಜೀವ ಕೊಡಬೇಕಾಗಿ ಬಂತು. ತಾವೇ ಕಂತು ಕಟ್ಟಿದ ನಿಧಿಯನ್ನು ಜನ ತಮ್ಮದೆಂದು ಎಣಿಸುತ್ತಾರೆ. ಸರಕಾರದ ದಾನವನ್ನು ಹಾಗೆ ಎಣಿಸುವುದಿಲ್ಲ.

ದಾನವಾದರೂ ನಿಷ್ಫಲವಲ್ಲ. ಬಡತನದ ರೇಖೆಯ ಕೆಳಗಿನವರಿಗಾಗಿ ಗುಲ್ಬರ್ಗ ವಿಭಾಗದಿಂದ 2010ರಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆ ತಲುಪಿದ ಹಳ್ಳಿಗಳನ್ನೂ ಇನ್ನೂ ತಲುಪದಿದ್ದ ಪಕ್ಕದ ಹಳ್ಳಿಗಳನ್ನೂ ಹೋಲಿಸಿ ವಿದ್ವಾಂಸರು ಮಾಡಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟವಾಯಿತು. ಯೋಜನೆಯ ಚಿಕಿತ್ಸೆಗೆ ಒಳಪಡುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾಗುವ ಮರಣ ಶೇಕಡ 64ರಷ್ಟು ಕಡಿಮೆಯೆಂದು ಅದು ಕಂಡಿತು. ಹಣದ ವ್ಯವಸ್ಥೆಯೆಂಬುದು ಬರಿಯ ಲೆಕ್ಕಪತ್ರದ ವಿಷಯವೆಂದು ತಿಳಿದವರು ಈ ಸಂಖ್ಯೆಯನ್ನು ಎರಡು ಬಾರಿ ಓದಬೇಕು. 2018ರ ಅಕ್ಟೋಬರಿನಿಂದ ರಾಜ್ಯದ ಯೋಜನೆ ಕೇಂದ್ರದ ಯೋಜನೆಯೊಡನೆ ಕೂಡಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕವಾದ ಮೇಲೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ದೊರೆಯುತ್ತದೆ; ಎಪಿಎಲ್ ಕುಟುಂಬಕ್ಕೆ ನಿಗದಿಯಾದ ದರದ ಶೇಕಡ 30 ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ.

ಈ ಹಿನ್ನೆಲೆಯಲ್ಲಿ ಉಳ್ಳಾಲದ ಕಡೆಯ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಅಲ್ಲಿಯ ತಾಯಿ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವಳು. ಬೀಡಿಯ ಮೇಲಿನ ಸುಂಕದಿಂದ 1976ರ ಕಾಯಿದೆ ಕಟ್ಟಿದ ಕಲ್ಯಾಣನಿಧಿಯ ಔಷಧಾಲಯ ಆಕೆಯ ಪಾಲಿಗೆ ಇತ್ತು, ಸುಂಕವೇ 2017ರಲ್ಲಿ ಜಿಎಸ್‌ಟಿಯಲ್ಲಿ ಕರಗಿಹೋಯಿತು. ಮಗ ಜಿದ್ದಾದಲ್ಲಿ ಇಪ್ಪತ್ತೈದರಿಂದ ಐವತ್ತೈದರವರೆಗೆ, ದೇಹ ದೃಢವಾಗಿದ್ದ ಪ್ರಾಯವನ್ನೆಲ್ಲ ಸವೆಸಿದನು. ಅವನ ಹೆಸರಿನಲ್ಲಿ ಧಣಿ ವರ್ಷವರ್ಷವೂ ಕಂತು ಕಟ್ಟಿದನು. ಆರೋಗ್ಯವಂತನ ಕಂತಾದುದರಿಂದ ಅದರಲ್ಲಿ ಬಹುಭಾಗ ನಿಧಿಯಲ್ಲಿಯೇ ಉಳಿಯಿತು. ಮಧುಮೇಹವೂ ರಕ್ತದ ಒತ್ತಡವೂ ಮೈಗೂಡಿ ಮೂತ್ರಪಿಂಡ ಸೋಲುವ ಹೊತ್ತಿಗೆ ಕೆಲಸ ಹೋಗಿ ಫೈನಲ್ ಎಕ್ಸಿಟ್, ಅಂದರೆ ದೇಶವನ್ನು ಕಾಯಮ್ಮಾಗಿ ಬಿಡುವ ಪರವಾನಗಿ, ಬರುತ್ತದೆ. ಇಕಾಮ ರದ್ದಾದ ದಿನ ಕಾರ್ಡೂ ರದ್ದು. ಊರಿಗೆ ಬಂದವನಿಗೆ, ಪರದೇಶದ ದುಡಿಮೆಯಿಂದ ಕಟ್ಟಿದ ತಾರಸಿ ಮನೆಯ ಕಾರಣದಿಂದ ಎಪಿಎಲ್ ಕಾರ್ಡು. ಖಾಸಗಿ ವಿಮೆ ಕೊಳ್ಳಹೋದರೆ ಮೊದಲೇ ಇದ್ದ ಕಾಯಿಲೆಗೆ ವರ್ಷಗಟ್ಟಲೆ ಕಾಯಬೇಕೆಂಬ ಷರತ್ತು. ಒಂದು ನಿಧಿ ಅವನ ಆರೋಗ್ಯದ ವರ್ಷಗಳನ್ನು ಪಡೆಯಿತು. ಕಾಯಿಲೆಯ ವರ್ಷಗಳನ್ನು ಪಡೆಯಲು ಯಾವ ನಿಧಿಯೂ ಸಿದ್ಧವಿಲ್ಲ. ಇದರಲ್ಲಿ ಯಾರೊಬ್ಬರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲ: ಜಗತ್ತಿನ ಪ್ರತಿ ಸುಧಾರಣೆಯೂ ಒಂದು ರಾಜ್ಯದ ಗಡಿಯೊಳಗೆ ಹುಟ್ಟಿ ಆ ಗಡಿಯೊಳಗಿನ ಮನುಷ್ಯನ ಇಡೀ ಆಯುಸ್ಸನ್ನು ಗಮನದಲ್ಲಿಟ್ಟುಕೊಂಡದ್ದು; ಆಯುಸ್ಸನ್ನೇ ಎರಡು ದೇಶಗಳಿಗೆ ಹಂಚಿಕೊಟ್ಟವನು ಅವುಗಳ ಎಣಿಕೆಗೆ ಸಿಕ್ಕಲಿಲ್ಲ.

ಭಾರತ ಸರಕಾರ 2003ರಲ್ಲಿ ಆರಂಭಿಸಿದ ಪ್ರವಾಸಿ ಭಾರತೀಯ ವಿಮಾ ಯೋಜನೆ ಇದೆಯಲ್ಲವೆ ಎಂದು ಕೇಳಬಹುದು. ವಲಸೆಯ ಅನುಮತಿ ಪಡೆದು ಹೋಗುವ ಕಾರ್ಮಿಕನಿಗೆ ಅದು ಕಡ್ಡಾಯ. ಕಂತು ಎರಡು ವರ್ಷಕ್ಕೆ 275 ರೂಪಾಯಿ. ಅಪಘಾತದಿಂದ ಮರಣವೋ ಶಾಶ್ವತ ಅಂಗವೈಕಲ್ಯವೋ ಆದರೆ ಹತ್ತು ಲಕ್ಷ. ಉಪಕಾರವೇ ಸರಿ. ಆದರೆ ನಿಧಾನವಾಗಿ ಬರುವ ಮುಪ್ಪಿನ ಕಾಯಿಲೆಗಳು ಅದರ ಉದ್ದೇಶದಲ್ಲಿಲ್ಲ. ಜೊತೆಗೆ 2017ರ ಜುಲೈಯಿಂದ ಸೌದಿ ಸರಕಾರ ಪರದೇಶಿಗಳ ಆಶ್ರಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲಿನಂತೆ ಹಾಕಿದ ಲೆವಿ, ವರ್ಷವರ್ಷವೂ ಏರಿ 2020ರ ವೇಳೆಗೆ 400 ಆಯಿತು. ಎಷ್ಟೋ ಸಂಸಾರಗಳು ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿದುವು, ಅವರೊಡನೆ ಅವರ ವಿಮೆಯೂ ಕಳಚಿತು.

2020ರ ಮಾರ್ಚಿನ ಎರಡು ಘಟನೆಗಳನ್ನು ನಾನು ಬೇರೆಬೇರೆಯಾಗಿ ನೆನೆಯಲಾರೆ. ಕೋವಿಡ್ ಹಬ್ಬಿದಾಗ ಕರ್ನಾಟಕವು ತಲಪಾಡಿಯಲ್ಲಿ ಕೇರಳದ ಗಡಿಯನ್ನು ಮುಚ್ಚಿತು. ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಮಂಜೇಶ್ವರ ಕಾಸರಗೋಡುಗಳ ರೋಗಿಗಳು, ಕನ್ನಡ ತುಳು ಮಾತನಾಡುವ ನಮ್ಮವರೇ, ಆಂಬುಲೆನ್ಸಿನೊಳಗಿದ್ದಂತೆಯೇ ಹಿಂದಿರುಗಬೇಕಾಯಿತು; ಸಕಾಲದ ಚಿಕಿತ್ಸೆಯಿಲ್ಲದೆ ಹಲವರು ಪ್ರಾಣಬಿಟ್ಟರೆಂದು ಪತ್ರಿಕೆಗಳು ವರದಿಮಾಡಿದುವು. ವ್ಯಾಜ್ಯ ಕೇರಳದ ಉಚ್ಚ ನ್ಯಾಯಾಲಯವನ್ನು ದಾಟಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿ, ಏಪ್ರಿಲ್ 7ರಂದು ಉಭಯ ರಾಜ್ಯಗಳ ಒಪ್ಪಂದದಿಂದ ತೀರಿತು. ಅದೇ ಮಾರ್ಚ್ ತಿಂಗಳ 30ರಂದು ಸೌದಿಯ ದೊರೆ ಸಲ್ಮಾನರು, ಪ್ರಜೆಯಾಗಲಿ ನಿವಾಸಿಯಾಗಲಿ ಕಾಗದಪತ್ರಗಳಿಲ್ಲದೆ ಉಳಿದವನಾಗಲಿ, ಕೋವಿಡ್ ತಗುಲಿದ ಎಲ್ಲರಿಗೂ ಚಿಕಿತ್ಸೆ ಉಚಿತವೆಂದು ಆಜ್ಞಾಪಿಸಿದರು. ಇಕಾಮ ಕಳೆದುಕೊಂಡವನಿಗೂ ಒಂದು ದೇಶ ಬಾಗಿಲು ತೆರೆದ ವಾರದಲ್ಲಿಯೇ ನಮ್ಮ ನಾಡು ನೆರೆಯ ಜಿಲ್ಲೆಯವನಿಗೆ ಬಾಗಿಲು ಹಾಕಿಕೊಂಡಿತ್ತು. ಸೋಂಕಿನ ಭಯ ನಿಜವೇ ಇದ್ದಿರಬಹುದು. ಆದರೂ ಇದನ್ನು ನಾವು ಮರೆಯತಕ್ಕದ್ದಲ್ಲ. ಯಾರನ್ನು ಒಳಗಿಟ್ಟುಕೊಳ್ಳಬೇಕು ಎಂಬ ಎಲ್ಲೆಯನ್ನು ಮನುಷ್ಯರೇ ಎಳೆಯುವುದು, ಮನಸ್ಸು ಮಾಡಿದರೆ ಒಂದು ಆಜ್ಞೆಯಿಂದ ಅದನ್ನು ಅಳಿಸಲೂಬಹುದು.

ಸೌದಿಯಲ್ಲಿ ಈಗ ಇನ್ನೊಂದು ಮಹಾಪರಿವರ್ತನೆ ನಡೆಯುತ್ತಿದೆ. 2016ರಲ್ಲಿ ಘೋಷಿತವಾದ ವಿಷನ್ 2030ರ ಅಂಗವಾಗಿ, ಆಸ್ಪತ್ರೆಗಳನ್ನು ನಡೆಸುವ ಕೆಲಸ ಸಚಿವಾಲಯದಿಂದ ಹೆಲ್ತ್ ಹೋಲ್ಡಿಂಗ್ ಕಂಪನಿ ಎಂಬ ಹೊಸ ಸಂಸ್ಥೆಗೂ ಅದರ ಪ್ರಾದೇಶಿಕ ಸಮೂಹಗಳಿಗೂ ವರ್ಗವಾಗುತ್ತಿದೆ. ಪ್ರಜೆಗಳ ಪರವಾಗಿ ಸೇವೆಯನ್ನು ಕೊಳ್ಳಲು ರಾಷ್ಟ್ರೀಯ ಆರೋಗ್ಯ ವಿಮಾ ಕೇಂದ್ರ ಸ್ಥಾಪಿತವಾಗಿದೆ. ಕೊಳ್ಳುವವನೂ ಒದಗಿಸುವವನೂ ಬೇರೆಯಾಗಿರಬೇಕೆಂಬ ಈ ತತ್ತ್ವ 1990ರ ದಶಕದ ಇಂಗ್ಲೆಂಡಿನಿಂದ ಬಂದುದು. ಪರದೇಶಿಯ ಮಟ್ಟಿಗೆ ಹಳೆಯ ಏರ್ಪಾಟೇ ಮುಂದುವರಿಯುತ್ತದೆ.

ಹಾಗಾದರೆ ನಾವು ಕೇಳಬೇಕಾದುದೇನು? ಫಿಲಿಪ್ಪೀನ್ಸ್ ತನ್ನ ವಲಸೆಗಾರರನ್ನು ಸ್ವದೇಶದ ಫಿಲ್‌ಹೆಲ್ತ್ ನಿಧಿಯ ಸದಸ್ಯರನ್ನಾಗಿಯೇ ಉಳಿಸಿಕೊಂಡಿದೆ. ಹೊರಗಿದ್ದಾಗಲೂ ಊರಿನ ಕುಟುಂಬಕ್ಕೆ ರಕ್ಷಣೆಯುಂಟು. ಆದರೆ ಅದರ ಕಂತನ್ನು ವರಮಾನದ ಶೇಕಡ 3ಕ್ಕೆ ಏರಿಸಿ ಕಡ್ಡಾಯ ಮಾಡಹೊರಟಾಗ, 2020ರಲ್ಲಿ, ವಿದೇಶದಲ್ಲಿದ್ದ ಕಾರ್ಮಿಕರೇ ತೀವ್ರವಾಗಿ ಪ್ರತಿಭಟಿಸಿದರು, ಸರಕಾರ ಹಿಂದೆ ಸರಿಯಿತು. ಯುರೋಪಿನ ರಾಷ್ಟ್ರಗಳು 1958ರಿಂದಲೇ ಒಪ್ಪಂದ ಮಾಡಿಕೊಂಡಿವೆ: ಒಂದು ದೇಶದಲ್ಲಿ ದುಡಿದು ಅದರ ನಿವೃತ್ತಿವೇತನ ಪಡೆಯುವವನು ಮುಪ್ಪಿನಲ್ಲಿ ಇನ್ನೊಂದರಲ್ಲಿ ನೆಲೆಸಿದರೆ, ಅವನ ಚಿಕಿತ್ಸೆಯ ವೆಚ್ಚವನ್ನು ವೇತನ ಕೊಡುವ ದೇಶವೇ ತುಂಬಿಕೊಡುತ್ತದೆ. ಭಾರತವೂ ಬೆಲ್ಜಿಯಂ, ಜರ್ಮನಿ, ಫ್ರಾನ್ಸ್, ಜಪಾನ್ ಮೊದಲಾದ ದೇಶಗಳೊಡನೆ ಸಾಮಾಜಿಕ ಭದ್ರತೆಯ ಒಪ್ಪಂದಗಳನ್ನು ಮಾಡಿಕೊಂಡಿದೆ. ಅವು ಮುಖ್ಯವಾಗಿ ನಿವೃತ್ತಿವೇತನಕ್ಕೆ ಸಂಬಂಧಪಟ್ಟವು, ಕೊಲ್ಲಿಯ ಯಾವ ರಾಷ್ಟ್ರವೂ ಆ ಪಟ್ಟಿಯಲ್ಲಿಲ್ಲ.

ಅಷ್ಟು ದೊಡ್ಡ ಒಪ್ಪಂದ ಕೂಡಿಬರುವವರೆಗೆ ಕೈಗೆ ನಿಲುಕುವ ಒಂದು ಸಣ್ಣ ಕೆಲಸವಿದೆ. ಭಾರತದೊಳಗೆ ಒಂದು ವಿಮಾ ಕಂಪನಿಯನ್ನು ಬಿಟ್ಟು ಇನ್ನೊಂದಕ್ಕೆ ಹೋಗುವವನು, ಮೊದಲಿನ ಕಂಪನಿಯಲ್ಲಿ ಕಳೆದ ವರ್ಷಗಳನ್ನು ಕಾಯುವ ಅವಧಿಯಿಂದ ವಜಾ ಮಾಡಿಸಿಕೊಳ್ಳಬಹುದೆಂಬ ನಿಯಮ 2011ರ ಅಕ್ಟೋಬರಿನಿಂದ ಇದೆ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿದೆ, ವಯಸ್ಸಾದವರಿಗೂ ವಿಮೆ ದೊರೆಯುವಂತೆ ಅರವತ್ತೈದರ ಮಿತಿಯನ್ನು ತೆಗೆದಿದೆ. ಸೌದಿಯಲ್ಲಿ ಕಡ್ಡಾಯ ವಿಮೆಯ ಅಡಿಯಲ್ಲಿ ಕಳೆದ ವರ್ಷಗಳನ್ನೂ ಇದೇ ರೀತಿ ಲೆಕ್ಕಕ್ಕೆ ಹಿಡಿಯುವುದಾದರೆ, ಮೂವತ್ತು ವರ್ಷ ವಿಮೆಯೊಳಗಿದ್ದು ಮರಳಿದವನು ಹೊಸಬನಂತೆ ಬಾಗಿಲ ಹೊರಗೆ ಕಾಯಬೇಕಾಗುವುದಿಲ್ಲ. ಯಾರು ಯಾವ ವರ್ಷದಿಂದ ಯಾವ ವರ್ಷದವರೆಗೆ ವಿಮೆ ಹೊಂದಿದ್ದರು ಎಂಬ ದಾಖಲೆಯನ್ನು, ಇಕಾಮದ ಅಂಕೆಯೊಡನೆ ಹೆಣೆದು, ಸೌದಿಯ ಆರೋಗ್ಯ ವಿಮಾ ಮಂಡಳಿ ಈಗಾಗಲೇ ಇಟ್ಟಿದೆ. ಅದರ ಒಂದು ಪ್ರಮಾಣಪತ್ರವನ್ನು ಫೈನಲ್ ಎಕ್ಸಿಟ್ಟಿನ ಕಾಗದಗಳ ಜೊತೆಗೆ ಕೊಡುವಂತೆ ಅಲ್ಲಿಯ ಮಂಡಳಿಯನ್ನು ಭಾರತ ಸರಕಾರ ಕೇಳಬೇಕು. ಅದನ್ನು ಮಾನ್ಯ ಮಾಡುವಂತೆ ಇಲ್ಲಿಯ ಕಂಪನಿಗಳಿಗೆ ಪ್ರಾಧಿಕಾರ ವಿಧಿಸಬೇಕು. ಊರಿಗೆ ಹಿಂದಿರುಗಿದ ಎಪಿಎಲ್ ಕಾರ್ಡಿನ ಕಾರ್ಮಿಕನು ಕಂತು ಕಟ್ಟಿ ಪೂರ್ಣ ರಕ್ಷಣೆಯನ್ನು ಪಡೆಯುವುದಕ್ಕೆ, ಯಶಸ್ವಿನಿಯ ಮಾದರಿಯಲ್ಲಿ, ಕರ್ನಾಟಕ ಸರಕಾರ ಒಂದು ದಾರಿ ತೆರೆಯಬೇಕು. ಮೂರರಲ್ಲಿ ಯಾವುದಕ್ಕೂ ಹೊಸ ಆಸ್ಪತ್ರೆ ಕಟ್ಟಬೇಕಾಗಿಲ್ಲ, ಬೊಕ್ಕಸವನ್ನು ಬರಿದು ಮಾಡಬೇಕಾಗಿಲ್ಲ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳ ಶಾಸಕರೂ ಸಂಸದರೂ ತಮ್ಮ ಕ್ಷೇತ್ರದ ಮತದಾರರ ಮನೆಗಳಿಗೆ ದಶಕಗಳಿಂದ ಬರುತ್ತಿರುವ ರಿಯಾಲುಗಳ ಮೂಲವನ್ನು ಬಲ್ಲವರು. ಮುಂದಿನ ಅಧಿವೇಶನದಲ್ಲಿಯೇ ಅವರು ಈ ಪ್ರಶ್ನೆಯನ್ನು ಎತ್ತಬಹುದು.